ಮಾಂದಲಪಟ್ಟಿ ಬಿಟ್ಟು ಮಡಿಕೇರಿಯನ್ನೇ ತೋರಿಸಿದ ಕಥೆ

"ಬೆಂಗಳೂರಿನವರು ಹಳೇ ಕಲ್ಲು ನೋಡೋಕೆ ಇಷ್ಟು ದೂರ ಬರ್ತಾರಾ ಮಾರಾಯಾ? ಸುಮ್ನೆ ಮಾಂದಲಪಟ್ಟಿಗೆ ಹೊಡಿ." ಮಾಂದಲಪಟ್ಟಿ ಬೆಟ್ಟದ ಬದಲು ಮಡಿಕೇರಿ ಊರನ್ನೇ ಪ್ರವಾಸಿಗರಿಗೆ ಜೀಪಿನಲ್ಲಿ ತೋರಿಸುತ್ತೇನೆ ಅಂದಾಗ ಸ್ಟ್ಯಾಂಡಿನಲ್ಲಿ ಎರಡು ವರ್ಷ ಕೇಳಿದ ಮಾತು ಇದು. ಹಾಗಂದವರೇ ಈಗ ಫೋನ್ ಮಾಡಿ ನನ್ನ ರೂಟ್ ಕೇಳುತ್ತಿದ್ದಾರೆ.

ಮೊದಲ ಟ್ರಿಪ್ಪೇ ಎಡವಟ್ಟು. ತಲೆಗೆ ಎಂಟುನೂರರಂತೆ ಎಂಟು ಜನರನ್ನು ಕೋಟೆಗೆ ಕರೆದೊಯ್ದರೆ ಮ್ಯೂಸಿಯಂಗೆ ಬೀಗ. ಸೋಮವಾರ ರಜೆ! ನಮಗೆಲ್ಲ ಗೊತ್ತಿರುವ ವಿಷಯ, ಅವತ್ತು ತಲೆಗೇ ಹೊಳೆಯಲಿಲ್ಲ. ಅರ್ಧ ದುಡ್ಡು ವಾಪಸ್ ಕೊಟ್ಟೆ. ಕರಪತ್ರಕ್ಕೆ ಸುರಿದ ಐದು ಸಾವಿರವೂ ಸೇರಿ ಆ ವರ್ಷ ಮೂವತ್ತು ಸಾವಿರದ ಹತ್ತಿರ ಕೈಬಿಟ್ಟಿತು.

ಆಮೇಲೆ ಬೋರ್ಡಿನಿಂದ 'ಮ್ಯೂಸಿಯಂ' ಪದ ಅಳಿಸಿ 'ರಾಜಧಾನಿಯಲ್ಲಿ ಒಂದು ದಿನ' ಅಂತ ಬರೆಸಿದೆ. ಸುಳ್ಳೇನಲ್ಲವಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲ ಬಿಡಿ, 1956ರಲ್ಲಿ ಮೈಸೂರಿಗೆ ಸೇರುವ ತನಕ ಕೊಡಗು ರಾಜ್ಯಕ್ಕೆ ಮಡಿಕೇರಿಯೇ ರಾಜಧಾನಿ. ವಿಚಾರಣೆ ಬರೋಕೆ ಶುರುವಾಯಿತು.

ಎಲ್ಲರೂ ಕೋಟೆಯಿಂದ ಶುರುಮಾಡುತ್ತಾರೆ, ನಾನು ಅರಸರ ಸಮಾಧಿ ಇರುವ ಗದ್ದಿಗೆಯಿಂದ. ಬೆಳಗ್ಗೆ ಮಂಜಿನಲ್ಲಿ ಆ ಗುಮ್ಮಟ ನೋಡಿದವರಿಗೆ ಒಳಗೆ ಮಲಗಿದ ಅರಸರು ಬದುಕಿದ್ದೆಲ್ಲಿ ಅನ್ನುವ ಕುತೂಹಲ ತಾನಾಗಿ ಹುಟ್ಟುತ್ತದೆ. ಕೋಟೆಯಲ್ಲಿ ಮಕ್ಕಳನ್ನು ಮೊದಲು ಎರಡು ಆನೆ ಪ್ರತಿಮೆಗಳ ಮುಂದೆ ನಿಲ್ಲಿಸಿ, ರಾಜ ಸಿಟ್ಟಿನಲ್ಲಿ ಆನೆಗಳನ್ನು ಕೊಂದು ಆಮೇಲೆ ಅತ್ತ ಅನ್ನುವ ಜನರ ಬಾಯಿಮಾತು ಹೇಳುತ್ತೇನೆ. ಆಮೇಲೆ ಮ್ಯೂಸಿಯಂ. ಅದು 1855ರ ಚರ್ಚಿನ ಕಟ್ಟಡ, ಅರಸರ ಕೋಟೆಯೊಳಗೆ ಇಂಗ್ಲಿಷರು ಕಟ್ಟಿದ್ದು. ಇಪ್ಪತ್ತೈದು ನಿಮಿಷ, ಅದಕ್ಕಿಂತ ಹೆಚ್ಚಾದರೆ ಆಕಳಿಕೆ.

ನಿಜವಾಗಿ ಹೊತ್ತು ಹೋಗುವುದು ಸನ್ನಿಸೈಡ್‌ನಲ್ಲಿ. ಜನರಲ್ ತಿಮ್ಮಯ್ಯನವರ ಮನೆ, 2021ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಮಕ್ಕಳು ಟ್ಯಾಂಕ್ ಬಿಟ್ಟು ಕದಲುವುದಿಲ್ಲ, ನಿವೃತ್ತ ಸೈನಿಕರು ತಿಮ್ಮಯ್ಯನವರು ಕೊರಿಯಾದಲ್ಲಿ ಮಾಡಿದ ಕೆಲಸದ ವಿಷಯ ಬಂದರೆ ನನಗೇ ಪಾಠ ಹೇಳುತ್ತಾರೆ.

ಊಟದಲ್ಲಿ ಕೈ ಸುಟ್ಟುಕೊಂಡೆ. ಹೋಟೆಲಿನಲ್ಲಿ ಒಂದು ಗಂಟೆ ಕಾಯಿಸಿ ಆರಿದ ಪಂದಿಕರಿ (ಹಂದಿಮಾಂಸದ ಸಾರು) ಕೊಟ್ಟರು. ಈಗ ಊರೊಳಗಿನ ಒಂದು ಮನೆಯಲ್ಲಿ ಅಕ್ಕಿ ಉಂಡೆಯ ಕಡಂಬುಟ್ಟು, ಪಂದಿಕರಿ; ಸಸ್ಯಾಹಾರಿಗಳಿಗೆ ಶಾವಿಗೆಯಂಥ ನೂಲ್‌ಪುಟ್ಟು, ಮಳೆಗಾಲವಾದರೆ ಕಣಿಲೆ, ಅಂದರೆ ಎಳೆ ಬಿದಿರು. ಯಾವ ಮನೆ ಅಂತ ಕೇಳಬೇಡಿ. ಪಂದಿಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯ ಬಾಟಲಿ ಮಾರಲು ಹೋಗಿ, ಗೆಸ್ಟ್ ಒಬ್ಬರ ಬ್ಯಾಗಿನಲ್ಲಿ ಸೋರಿ ಸೀರೆಯ ದುಡ್ಡು ಕಟ್ಟಿಕೊಟ್ಟದ್ದೂ ಆಯಿತು. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ಬಡಿಸಿದೆ, ಮೂತ್ರ ಕೆಂಪಾಗುತ್ತದೆ ಅಂತ ಹೇಳಲು ಮರೆತೆ. ಮರುದಿನ ಬೆಳಗ್ಗೆ ಆರಕ್ಕೆ ಫೋನು: "ಅಣ್ಣಾ, ಇಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕು?"

ಸಂಜೆ ಓಂಕಾರೇಶ್ವರದ ಕೆರೆ, ಆಮೇಲೆ ರಾಜಾಸೀಟು. ಜುಲೈಯಲ್ಲಿ ಸೂರ್ಯಾಸ್ತದ ಮಾತು ಕೊಡಲೇಬೇಡಿ. ವಿಜಯದಶಮಿ ರಾತ್ರಿ ಮಡಿಕೇರಿ ದಸರಾದ ಹತ್ತೂ ದೇವಸ್ಥಾನಗಳ ಮಂಟಪ ಹೊರಡುವಾಗ ಜೀಪ್ ಮನೆಯಲ್ಲೇ, ಬೆಳಗಿನವರೆಗೆ ನಡಿಗೆ.

ಈಗ ತಲೆಗೆ ಸಾವಿರದ ನಾನೂರು. ಡೀಸೆಲ್, ಊಟ ಕಳೆದು ಐನೂರು, ಆರುನೂರು ಉಳಿಯುತ್ತದೆ. ರಜಾದಿನದ ಜಾಮ್‌ನಲ್ಲಿ ಜೀಪ್ ಎಲ್ಲಿ ನಿಲ್ಲಿಸುತ್ತೇನೆ ಅಂತ ಸ್ಟ್ಯಾಂಡಿನವರು ಈಗಲೂ ಹುಡುಕುತ್ತಿದ್ದಾರೆ. ಹುಡುಕಲಿ.