ಹಳೆಯ ಫರ್ಗ್ಯುಸನ್ ಟ್ರ್ಯಾಕ್ಟರ್ ಯಾವ ದೇಶದ್ದೆಂದು ಗುರುತಿಸುವುದು ಹೇಗೆ?

ಹಳೆಯ ಫರ್ಗ್ಯುಸನ್ ಟ್ರ್ಯಾಕ್ಟರನ್ನು ದುರಸ್ತಿಗೆ ಎತ್ತಿಕೊಂಡವರು ಬಿಡಿಭಾಗಗಳಿಗೆ ಹಣ ತೆರುವ ಮುನ್ನ ಅದು ತಯಾರಾದ ದೇಶವನ್ನು ಖಚಿತಪಡಿಸಿಕೊಳ್ಳಬೇಕು. ಹೆಸರು, ಆಕಾರ, ಬಣ್ಣ ಎಲ್ಲವೂ ಹೊಂದಿಕೆಯಾದರೂ ಒಳಗಿನ ಎಂಜಿನ್ ಬೇರೆಯಾಗಿರಬಹುದು. ಬಣ್ಣವನ್ನಂತೂ ಎಷ್ಟು ಸಲ ಬಳಿದಿರುತ್ತಾರೋ ಹೇಳಲಾಗದು.

ಮೊದಲು ಮೀಟರ್ ಫಲಕದ ಬಳಿಯಿರುವ ಲೋಹದ ತಗಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ಒರೆಸಿ, ಅಕ್ಷರಗಳನ್ನೂ ಸಂಖ್ಯೆಯನ್ನೂ ಬರೆದುಕೊಳ್ಳಿ. ತಂತಿಯ ಬ್ರಷ್ ಬಳಸಬೇಡಿ, ಅಕ್ಷರ ಸವೆದುಹೋದರೆ ಮತ್ತೆ ದೊರೆಯುವುದಿಲ್ಲ. ‘ಟಿಇ’ ಎಂದಿದ್ದರೆ ಅದು 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದದ್ದು, ‘ಟಿಓ’ ಎಂದಿದ್ದರೆ ಅಮೆರಿಕದ ಡೆಟ್ರಾಯಿಟಿನದು. ಇಂಗ್ಲೆಂಡಿನ ಯಂತ್ರಗಳಲ್ಲಿ ಮೂರನೆಯ ಅಕ್ಷರವನ್ನೂ ಗಮನಿಸಬೇಕು: ‘ಟಿಇಎ’ ಪೆಟ್ರೋಲಿನದು, ‘ಟಿಇಎಫ್’ ಡೀಸೆಲಿನದು, ‘ಟಿಇಡಿ’ ಪೆಟ್ರೋಲಿನಿಂದ ಶುರುವಾಗಿ ಬಿಸಿಯೇರಿದ ಮೇಲೆ ಸೀಮೆಎಣ್ಣೆಯಂಥ ಅಗ್ಗದ ಇಂಧನದಿಂದ ಓಡುವಂಥದ್ದು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಪೆಟ್ರೋಲು ದುಬಾರಿಯಾಗಿದ್ದುದರಿಂದ ಅಲ್ಲಿನ ರೈತರಿಗೆ ಇದು ಬೇಕಾಯಿತು; ಪೆಟ್ರೋಲು ಅಗ್ಗವಾಗಿದ್ದ ಅಮೆರಿಕದಲ್ಲಿ ಅಂಥ ಒತ್ತಡವಿರಲಿಲ್ಲ. ಮೂರನೆಯ ಅಕ್ಷರವೇ ಇಲ್ಲದ ಮೊದಮೊದಲ ಟಿಇ-20 ಮಾದರಿಗಳಲ್ಲಿ ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಎಂಜಿನ್ ಇದ್ದುದರಿಂದ, ಎಂಜಿನ್ನನ್ನಷ್ಟೇ ನೋಡಿ ದೇಶವನ್ನು ತೀರ್ಮಾನಿಸಬಾರದು.

ಫರ್ಗ್ಯುಸನ್ ಕಂಪನಿ ಮ್ಯಾಸಿ ಹ್ಯಾರಿಸ್ ಕಂಪನಿಯೊಡನೆ ಸೇರಿದ ಮೇಲೆ ಬಂದ ಮ್ಯಾಸಿ ಫರ್ಗ್ಯುಸನ್ 35 ಮಾದರಿಯಲ್ಲಿ ಮೋಸಹೋಗುವ ಸಾಧ್ಯತೆ ಇನ್ನೂ ಹೆಚ್ಚು. ಅಮೆರಿಕದ ಪೆಟ್ರೋಲ್ 35ರಲ್ಲಿ ಕಾಂಟಿನೆಂಟಲ್ ಎಂಜಿನ್ ಇದ್ದರೆ ಇಂಗ್ಲೆಂಡಿನದರಲ್ಲಿ ಸ್ಟ್ಯಾಂಡರ್ಡ್ ಎಂಬ ಕಂಪನಿಯ ಎಂಜಿನ್ ಇದೆ. ಎರಡಕ್ಕೂ ನಾಲ್ಕು ಸಿಲಿಂಡರ್‌ಗಳಿದ್ದರೂ ಒಂದರ ಪಿಸ್ಟನ್ ಇನ್ನೊಂದಕ್ಕೆ ಹೊಂದುವುದಿಲ್ಲ. ಇಂಗ್ಲೆಂಡಿನ ಡೀಸೆಲ್ 35ರಲ್ಲಿ ಮೊದಲಿದ್ದ ನಾಲ್ಕು ಸಿಲಿಂಡರಿನ ಎಂಜಿನ್ ಚಳಿಯಲ್ಲಿ ಸುಲಭವಾಗಿ ಶುರುವಾಗುತ್ತಿರಲಿಲ್ಲವಾದ್ದರಿಂದ 1959ರಲ್ಲಿ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಎಂಜಿನ್ ಬಂದಿತು. ಕೊಳ್ಳುವ ಆಯ್ಕೆಯಿದ್ದರೆ ಮೂರು ಸಿಲಿಂಡರಿನದನ್ನೇ ಆರಿಸಿ. 1960ರಲ್ಲಿ ಸ್ಥಾಪನೆಯಾದ ಚೆನ್ನೈನ ಟ್ರ್ಯಾಕ್ಟರ್ ಕಂಪನಿ ಟಾಫೆ ತಯಾರಿಸಿದ, ನಮ್ಮ ಹೊಲಗಳಲ್ಲಿ ಚಿರಪರಿಚಿತವಾದ 1035ರ ಸಿಂಪ್ಸನ್ ಎಂಜಿನ್ ಕೂಡ ಪರ್ಕಿನ್ಸ್ ವಂಶದ್ದೇ; ಆದರೂ ನೋಟ ಒಂದೇ ಎಂದು ನಂಬದೆ, ಹಳೆಯ ಭಾಗವನ್ನು ಕಳಚಿ ಅಳತೆ ಮಾಡಿಯೇ ಹೊಸದನ್ನು ತರಿಸಬೇಕು.

ವೈರಿಂಗ್ ಮುಟ್ಟುವ ಮುನ್ನ ಬ್ಯಾಟರಿಯ ಯಾವ ತುದಿ ಟ್ರ್ಯಾಕ್ಟರಿನ ದೇಹಕ್ಕೆ ಸೇರಿದೆಯೆಂದು ನೋಡಿ, ಏಕೆಂದರೆ ಆ ಕಾಲದ ಅನೇಕ ಯಂತ್ರಗಳಲ್ಲಿ ಪಾಸಿಟಿವ್ ತುದಿಯೇ ದೇಹಕ್ಕೆ ಸೇರಿರುತ್ತದೆ.

ಉಪಕರಣಗಳ ವಿಷಯದಲ್ಲಿ ತೊಡಕು ಕಡಿಮೆ. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಬಿಂದುಗಳ ಜೋಡಣೆಯೇ ಮುಂದೆ ಎಲ್ಲೆಡೆ ರೂಢಿಯಾದ ಕಾರಣ, ಇಂದಿನ ಚಿಕ್ಕ ಕಲ್ಟಿವೇಟರನ್ನೂ ಇವುಗಳ ಹಿಂದೆ ಕಟ್ಟಬಹುದು. ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒದಗಿಸುವ, ಹಿಂಬದಿಯಲ್ಲಿ ತಿರುಗುವ ಪಿಟಿಓ ಶಾಫ್ಟಿನ ವ್ಯಾಸವನ್ನು ಮಾತ್ರ ಅಳೆಯಬೇಕು: ಟಿಇ-20ರದು 1⅛ ಅಂಗುಲ, 35ರದು ಇಂದಿಗೂ ಬಳಕೆಯಲ್ಲಿರುವ 1⅜ ಅಂಗುಲ. ಈ ವ್ಯತ್ಯಾಸಕ್ಕೆ ಶಾಫ್ಟಿನ ಮೇಲೆ ಕೂರುವ ಅಡಾಪ್ಟರ್ ದೊರೆಯುತ್ತದೆ.