ಕೈ ಹಿಡಿದು ಕರೆಯುವ ಬರಹ, ಎದುರು ಕೂರಿಸಿ ಮಾತಾಡುವ ಬರಹ

ಕಬ್ಬು ಕಟಾವಿನ ಕಾಲದಲ್ಲಿ ಮದ್ದೂರಿನಿಂದ ಮಂಡ್ಯದ ಕಡೆ ಸಂಜೆ ಹೊತ್ತು ಬಂದರೆ ಅಲ್ಲಲ್ಲಿ ಹೊಗೆ ಕಾಣುತ್ತದೆ. ಕಟಾವು ಮುಗಿದ ಗದ್ದೆಯ ತರಗಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಬಿದ್ದಿರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮೂರ ಹಾಲಿನ ಡೈರಿ ಗೋಡೆಗೆ ನಾನೊಂದು ಬರಹ ಅಂಟಿಸಿದ್ದೆ. ತರಗು ಸುಡಬೇಡಿ ಅನ್ನುವುದು ವಿಷಯ. ಎರಡು ಪುಟ. ಸಾರಜನಕ, ಇಂಗಾಲ, ಸೂಕ್ಷ್ಮಜೀವಿ ಎಲ್ಲ ಅದರಲ್ಲಿತ್ತು. ಹಾಲು ಹಾಕಲು ಬಂದವರು ಎರಡು ಸಾಲು ಓದಿ ಕ್ಯಾನ್ ಎತ್ತಿಕೊಂಡು ಹೊರಟರು.

ಆಮೇಲೆ ಅದನ್ನೇ ತಿದ್ದಿ ಒಂದು ಪತ್ರಿಕೆಗೆ ಕಳಿಸಿದೆ. ಈ ಸಲ 'ಭೂಮಿತಾಯಿಯ ಒಡಲು ಸುಡಬೇಡಿ' ಎಂದು ಶುರು ಮಾಡಿದ್ದೆ. ಅದೂ ವಾಪಸ್ ಬಂತು. 'ಸುಡುವವರು ಯಾಕೆ ಸುಡುತ್ತಾರೆ ಅಂತ ಒಂದು ಮಾತೂ ಇಲ್ಲವಲ್ಲ' ಎಂದು ಸಂಪಾದಕರು ಕೆಳಗೆ ಬರೆದಿದ್ದರು.

ನನ್ನ ವಿಷಯ ಎರಡು ಸಲವೂ ಸರಿಯಾಗೇ ಇತ್ತು. ಬರಹದ ಜಾತಿ ಅದಲುಬದಲಾಗಿತ್ತು. ಡೈರಿ ಗೋಡೆಗೆ ಬೇಕಿದ್ದದ್ದು ಮನವೊಲಿಸುವ ಬರಹ. ಪತ್ರಿಕೆಗೆ ಬೇಕಿದ್ದದ್ದು ವಾದದ ಬರಹ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ಮನವಿ ಬರೆಯುವ ಸಂಘದವರು, ಓದುಗರ ಪತ್ರ ಬರೆಯುವವರು ಇಲ್ಲೇ ಎಡವುವುದನ್ನು ನೋಡುತ್ತಲೇ ಇದ್ದೇನೆ. ಹಾಗಾಗಿ ಆ ತರಗಿನ ಉದಾಹರಣೆಯನ್ನೇ ಇಟ್ಟುಕೊಂಡು ಎರಡನ್ನೂ ಬರೆಯುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು: ಓದುಗ ಏನು ಮಾಡಬೇಕು?

ಪೆನ್ನು ಹಿಡಿಯುವ ಮುಂಚೆ ಒಂದು ಸಾಲು ಬರೆದುಕೊಳ್ಳಿ. 'ಇದನ್ನು ಓದಿದವರು ಏನು ಮಾಡಬೇಕು?' ಉತ್ತರದಲ್ಲಿ ಒಂದು ಕೆಲಸ ಇದ್ದರೆ, ಅಂದರೆ ಬೆಂಕಿ ಹಚ್ಚದಿರುವುದು, ಸಹಿ ಹಾಕುವುದು, ಸಭೆಗೆ ಬರುವುದು ಇಂಥದ್ದಿದ್ದರೆ, ನಿಮಗೆ ಬೇಕಾದದ್ದು ಮನವೊಲಿಸುವ ಬರಹ. 'ಎರಡೂ ಕಡೆ ತೂಗಿ ನೋಡಿ ನನ್ನ ಮಾತು ಸರಿ ಅಂತ ಒಪ್ಪಬೇಕು' ಎಂದಿದ್ದರೆ ಅದು ವಾದ.

ಮನವೊಲಿಸುವುದು ಅಂದರೆ ಭಾವನೆ, ವಾದ ಅಂದರೆ ಬುದ್ಧಿ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಒಳ್ಳೆಯ ಕರಪತ್ರದಲ್ಲೂ ಕಾರಣ ಇರಬೇಕು, ಒಳ್ಳೆಯ ವಾದದಲ್ಲೂ ಜೀವ ಇರಬೇಕು. ಒಪ್ಪದವನನ್ನು ನಾವು ಎಲ್ಲಿ ಕೂರಿಸುತ್ತೇವೆ ಅನ್ನುವುದೇ ನಿಜವಾದ ವ್ಯತ್ಯಾಸ. ಮನವೊಲಿಸುವಾಗ ಓದುಗನನ್ನು ಪಕ್ಕಕ್ಕೆ ಕರೆದುಕೊಂಡು ಹೆಜ್ಜೆ ಹಾಕುತ್ತೇವೆ. ವಾದದಲ್ಲಿ ಒಪ್ಪದವನನ್ನು ಎದುರಿಗೆ ಕೂರಿಸಿ, ಅವನ ಮಾತು ಪೂರ್ತಿ ಕೇಳಿ, ಆಮೇಲೆ ನಮ್ಮದು ಹೇಳುತ್ತೇವೆ.

ವಾದ ಬರೆಯುವವರು: ಎದುರಿನವನ ಪುಟ ಮೊದಲು ತುಂಬಿಸಿ

ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೇ ಇದೆ. ಎದುರಿನವರ ಮಾತು ಪೂರ್ವಪಕ್ಷ. ಅದಕ್ಕೆ ಕೊಡುವ ಉತ್ತರ ಉತ್ತರಪಕ್ಷ. ಕೌಟಿಲ್ಯನ ಅರ್ಥಶಾಸ್ತ್ರದ ಕೊನೆಯ ಭಾಗದಲ್ಲಿ ಗ್ರಂಥ ಬರೆಯುವ 32 ಯುಕ್ತಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಇವೆರಡೂ ಇವೆ. ಆ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. 1909ರಲ್ಲಿ ಅದನ್ನು ಅಚ್ಚು ಹಾಕಿಸಿದವರೂ ಅವರೇ. ರಾಜನಿಗೆ ಒದಗುವ ಕಷ್ಟ ದೊಡ್ಡದೋ, ಮಂತ್ರಿಗೆ ಒದಗುವ ಕಷ್ಟ ದೊಡ್ಡದೋ ಅಂತ ಆ ಗ್ರಂಥದಲ್ಲೊಂದು ಚರ್ಚೆ ಇದೆ. ಮಂತ್ರಿಯದೇ ದೊಡ್ಡದು ಅನ್ನುತ್ತಾನೆ ಭಾರದ್ವಾಜ ಎಂಬ ಆಚಾರ್ಯ. ಕೌಟಿಲ್ಯ ಅವನ ಕಾರಣಗಳನ್ನೆಲ್ಲ ಮೊದಲು ಹೇಳುತ್ತಾನೆ. ಆಮೇಲೆ 'ಅಲ್ಲ' ಎಂದು ತನ್ನ ಮಾತಿಗೆ ಬರುತ್ತಾನೆ. ನೀವೂ ಹಾಗೇ ಮಾಡಿ.

ಒಂದು ಖಾಲಿ ಪುಟ ತೆಗೆದುಕೊಂಡು ತರಗು ಸುಡುವ ರೈತನ ಪರವಾಗಿ ಬರೆಯಿರಿ. ಅರ್ಧ ಮನಸ್ಸಿನಿಂದ ಬರೆಯಬೇಡಿ. ಅವನು ಓದಿದರೆ 'ಹೌದು, ಇದೇ ನನ್ನ ಮಾತು' ಅನ್ನಬೇಕು. ಅವನ ಮಾತು ಹೀಗಿರುತ್ತದೆ. ಎಕರೆಗೆ ಸುಮಾರು 3-4 ಟನ್ ತರಗು ಬೀಳುತ್ತದೆ. ಅದನ್ನು ಎತ್ತಿ ಹಾಕಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕಟ್ಟಲಾಗುವುದಿಲ್ಲ. ಕೂಳೆ, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆ, ಬಿಡಬೇಕಾದರೆ ಬೇಗ ಬುಡ ಸವರಿ ನೀರು ಬಿಡಬೇಕು. ತರಗು ಅಡ್ಡ ಬಂದರೆ ನೀರು ಹರಿಯುವುದಿಲ್ಲ. ಇಲಿ, ಹಾವಿನ ಕಾಟ ಬೇರೆ. ಕೊನೆಗೆ, ಬೂದಿಯೂ ಗೊಬ್ಬರವೇ ಅಲ್ವಾ?

ಆ ಸಂಪಾದಕರು ಕೇಳಿದ್ದು ಇದನ್ನೇ. ಈ ಪುಟ ಬರೆದ ಮೇಲೆ ನನ್ನ ವಾದವೇ ಬೇರೆಯಾಯಿತು.

ಆಮೇಲೆ: ಒಪ್ಪುವುದನ್ನು ಒಪ್ಪಿ, ಹೇಳಿಕೆ ಕತ್ತರಿಸಿ

ಬೂದಿಯ ಮಾತು ಅರ್ಧ ನಿಜ. ಪೊಟ್ಯಾಷ್ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಆದರೆ ಸಾರಜನಕ ಮತ್ತು ಇಂಗಾಲ ಹೊಗೆಯಾಗಿ ಹೋಗುತ್ತವೆ. ಅರ್ಧ ಒಪ್ಪಿ, ಇನ್ನರ್ಧ ವಿವರಿಸಿ. ನೀರಿನ ಮಾತಿಗೆ ಉತ್ತರ ಇದೆ. ಸಾಲು ಬಿಟ್ಟು ಸಾಲಿಗೆ ತರಗು ಹರಡಿದರೆ ಖಾಲಿ ಸಾಲಿನಲ್ಲಿ ನೀರು ಹರಿಯುತ್ತದೆ. ತರಗು ಬೇಗ ಕೊಳೆಯುವುದಿಲ್ಲ ಅನ್ನುವುದೂ ನಿಜ. ಅದಕ್ಕೇ ಸ್ವಲ್ಪ ಯೂರಿಯಾ, ಕೊಳೆಸುವ ಜೀವಾಣು ಗೊಬ್ಬರ ಹಾಕಿ ಅಂತ ಹೇಳುತ್ತಾರೆ.

ಕೂಲಿಯ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ತರಗು ಪುಡಿ ಮಾಡುವ ಯಂತ್ರ ಇದೆ, ಟ್ರ್ಯಾಕ್ಟರಿಗೆ ಸಿಕ್ಕಿಸುತ್ತಾರೆ. ಆದರೆ ಅರ್ಧ ಎಕರೆಯವನಿಗೆ ಅದರ ಬಾಡಿಗೆ ಭಾರ. ಹೀಗಿರುವಾಗ 'ಯಾರೂ, ಎಂದೂ ತರಗು ಸುಡಬಾರದು' ಅನ್ನುವ ಹೇಳಿಕೆ ನಿಲ್ಲುವುದಿಲ್ಲ. ಅದನ್ನು ಕತ್ತರಿಸಬೇಕು. 'ಕೂಳೆ ಬಿಡುವ ಗದ್ದೆಯಲ್ಲಿ ತರಗು ಸುಡದೆ ಹರಡುವುದು ಲಾಭ, ಸಣ್ಣ ರೈತರಿಗೆ ಪುಡಿ ಮಾಡುವ ಯಂತ್ರ ಕಡಿಮೆ ಬಾಡಿಗೆಗೆ ಸಿಗುವಂತಾಗಬೇಕು' ಎಂದು ಬದಲಿಸಿದೆ. ಹೇಳಿಕೆ ಚಿಕ್ಕದಾಯಿತು, ಗಟ್ಟಿಯಾಯಿತು. ವಾದ ಬರೆಯುವಾಗ ನಿಮ್ಮ ಹೇಳಿಕೆ ಒಂದು ಸಲವೂ ಬದಲಾಗಲಿಲ್ಲ ಅಂದರೆ ಎದುರಿನವನ ಪುಟವನ್ನು ನೀವು ಸರಿಯಾಗಿ ಬರೆದಿಲ್ಲ ಅಂತಲೇ ನನಗೆ ಅನಿಸುತ್ತದೆ.

ಕಾರಣಕ್ಕೂ ಹೇಳಿಕೆಗೂ ಕೊಂಡಿ ಹಾಕಿ

ಬೆಟ್ಟದ ಮೇಲೆ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ನೋಡಿದ ಹಾಗೆ. ಇದು ನ್ಯಾಯಶಾಸ್ತ್ರದವರು, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದವರು, ಎಂದಿನಿಂದಲೂ ಕೊಡುವ ಉದಾಹರಣೆ. ನಾವು ಸಾಮಾನ್ಯವಾಗಿ ಮೊದಲ ಎರಡು ಮಾತು ಹೇಳಿ, ನಡುವಿನ ಕೊಂಡಿ ಬಿಟ್ಟುಬಿಡುತ್ತೇವೆ. 'ತರಗು ಹರಡಿ, ಮಣ್ಣಿಗೆ ಒಳ್ಳೆಯದು' ಅಂದರೆ ಸಾಲದು. ಹೊದಿಕೆ ಇದ್ದರೆ ಬಿಸಿಲು ನೇರ ಮಣ್ಣಿಗೆ ಬೀಳುವುದಿಲ್ಲ, ತೇವ ಬೇಗ ಆರುವುದಿಲ್ಲ, ಕಳೆಗೆ ಬೆಳಕು ಸಿಗುವುದಿಲ್ಲ. ಈ ಕೊಂಡಿ ಬಂದ ಮೇಲೇ ಓದುಗ ತಲೆದೂಗುವುದು. 'ವಿಜ್ಞಾನಿಗಳು ಹೇಳಿದ್ದಾರೆ' ಎಂದು ಸುಮ್ನೆ ಬರೆಯಬೇಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್ ಹತ್ತಿರದಲ್ಲೇ ಇದೆ. ಹೋಗಿ ಕೇಳಿ, ಯಾರು ಏನು ಹೇಳಿದರು ಅಂತ ಬರೆಯಿರಿ.

ಇನ್ನೊಂದು ಮಾತು. ನ್ಯಾಯಶಾಸ್ತ್ರದಲ್ಲಿ ಮೂರು ಬಗೆಯ ಮಾತುಕತೆ ಹೇಳಿದ್ದಾರೆ. ನಿಜ ತಿಳಿಯಲು ಆಡುವುದು ವಾದ. ಗೆಲ್ಲಲು ಆಡುವುದು ಜಲ್ಪ. ತನ್ನದೇನೂ ಹೇಳದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರನೆಯದೇ ಜಾಸ್ತಿ ಚಪ್ಪಾಳೆ ಗಿಟ್ಟಿಸುವುದನ್ನು ನೋಡಿದರೆ ಬೇಸರವಾಗುತ್ತದೆ.

ಮನವೊಲಿಸುವವರು: ಹತ್ತಿರದಿಂದ ಶುರು ಮಾಡಿ

ಡೈರಿ ಗೋಡೆಗೆ ಮಾರನೇ ವರ್ಷ ಅಂಟಿಸಿದ್ದು ಇಷ್ಟೇ:

'ಅಣ್ಣಂದಿರೇ, ಅಕ್ಕಂದಿರೇ, ಹೋದ ವರ್ಷ ತರಗು ಸುಟ್ಟ ರಾತ್ರಿ ಮನೆಯ ಮಕ್ಕಳು, ಮುದುಕರು ಕೆಮ್ಮಿದ್ದು ನೆನಪಿದೆಯಾ? ನಾನೂ ಕಬ್ಬು ಬೆಳೆಯುವವನೇ. ಈ ಸಲ ನಮ್ಮ ಕೂಳೆಗೆ ತರಗು ಹರಡಿದ್ದೆವು. ನಾಲೆಯ ಕಟ್ಟು ನೀರು ತಡವಾದಾಗಲೂ ಸಾಲಿನಲ್ಲಿ ತೇವ ಇತ್ತು. ನೀವು ಹತ್ತು ಗುಂಟೆಗೆ ಮಾತ್ರ ಮಾಡಿ ನೋಡಿ. ಬೆಂಕಿ ಹಚ್ಚದೆ, ಸಾಲು ಬಿಟ್ಟು ಸಾಲಿಗೆ ಹರಡಿ. ಭಾನುವಾರ ಬೆಳಿಗ್ಗೆ ನಮ್ಮ ಗದ್ದೆಗೆ ಬನ್ನಿ, ಮಣ್ಣು ಮುಟ್ಟಿ ನೋಡಿ.'

ಗ್ರೀಸಿನ ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ಮನವೊಲಿಸಲು ಮೂರು ದಾರಿ ಹೇಳಿದ. ಹೇಳುವವನ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ಕಾರಣ. ಮೂರೂ ಈ ಚೀಟಿಯಲ್ಲಿವೆ. 'ನಾನೂ ಬೆಳೆಯುವವನೇ' ಅನ್ನುವುದು ನಂಬಿಕೆ. ಕೆಮ್ಮು ಭಾವನೆ. ತೇವ ಕಾರಣ. ಇಲಿ, ಕೂಲಿ, ಬೂದಿ ಎಲ್ಲ ಇಲ್ಲಿ ತಂದಿಲ್ಲ. ಆದರೆ ಎದುರಿನವನ ಹಿಂಜರಿಕೆಯನ್ನು ಮರೆತೂ ಇಲ್ಲ. 'ಹತ್ತು ಗುಂಟೆ' ಅಂದದ್ದು ಅದಕ್ಕೇ. ಕೇಳುವ ಕೆಲಸ ಚಿಕ್ಕದಿರಲಿ, ಯಾವಾಗ, ಎಲ್ಲಿ ಅನ್ನುವುದು ಸ್ಪಷ್ಟವಿರಲಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಮನವೊಲಿಸುವ ಬರಹದಲ್ಲಿ ಎಲ್ಲ ಹೇಳಬೇಕಿಲ್ಲ, ಆದರೆ ಹೇಳಿದ್ದು ನಿಜವಿರಬೇಕು. ನಮ್ಮ ಗದ್ದೆಯಲ್ಲಿ ತೇವ ಇಲ್ಲದಿದ್ದರೆ ಆ ಸಾಲು ಬರೆಯುವ ಹಕ್ಕು ನನಗಿರುತ್ತಿರಲಿಲ್ಲ.

ಕೊನೆಗೆ: ಒಪ್ಪದವರಿಗೆ ಓದಿ ಹೇಳಿ

ಬರೆದದ್ದನ್ನು ಗೆಳೆಯರಿಗೆ ಕೊಟ್ಟರೆ 'ಚೆನ್ನಾಗಿದೆ' ಅನ್ನುತ್ತಾರೆ, ಅಷ್ಟೇ. ತರಗು ಸುಡುವವರೊಬ್ಬರನ್ನು ಹುಡುಕಿ, ಅರಳಿಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದಿ. ವಾದ ಬರೆದಿದ್ದರೆ ಕೇಳಿ: 'ಅಣ್ಣಾ, ನಿನ್ನ ಮಾತನ್ನು ಸರಿಯಾಗಿ ಹೇಳಿದ್ದೀನಾ?' ಕರಪತ್ರ ಬರೆದಿದ್ದರೆ ಕೇಳಿ: 'ಏನು ಮಾಡಬೇಕು ಅಂತ ಗೊತ್ತಾಯ್ತಾ?' ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಮನೆಗೆ ಬಂದು ಆ ಸಾಲುಗಳನ್ನು ಮತ್ತೆ ಬರೆಯಿರಿ.