ಲೆಕ್ಕ ಕೂಡದಿದ್ದರೆ ಅಗ್ಗದ ಮನೆ ಎಷ್ಟು ಕಡಿಮೆ? ಇಂಗ್ಲೆಂಡಿನ ಸೆಕ್ಷನ್ 106 ಲೆಕ್ಕಾಚಾರ

ಇಂಗ್ಲೆಂಡಿನಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ಅನುಮತಿ ಕೊಡುವಾಗ, ಅದರಲ್ಲಿ ಇಂತಿಷ್ಟು ಪಾಲು ಕಡಿಮೆ ಬಾಡಿಗೆಯ ಅಥವಾ ಕಡಿಮೆ ಬೆಲೆಯ ಮನೆಗಳಿರಬೇಕು ಎಂದು ಕೌನ್ಸಿಲ್ (ಸ್ಥಳೀಯ ಆಡಳಿತ) ಕೇಳಬಹುದು. 1990ರ ಪ್ಲಾನಿಂಗ್ ಕಾಯ್ದೆಯ ಸೆಕ್ಷನ್ 106ರಡಿ ಇದಕ್ಕೆ ಒಪ್ಪಂದವಾಗುತ್ತದೆ. ಅಷ್ಟು ಮನೆ ಕೊಟ್ಟರೆ ಯೋಜನೆಯೇ ನಿಲ್ಲುತ್ತದೆ ಎಂದು ಡೆವಲಪರ್ ಹೇಳಿದರೆ ಬಾಯಿಮಾತು ಸಾಲದು, ಆದಾಯ-ಖರ್ಚಿನ ಲೆಕ್ಕದಿಂದ ಅದನ್ನು ತೋರಿಸುವ ವಯಬಿಲಿಟಿ ವರದಿ ಬೇಕು. ಆ ವರದಿಯನ್ನು ಕಟ್ಟುವುದು ಹೇಗೆ, ಅದು ಎಲ್ಲಿ ಮುರಿಯುತ್ತದೆ ಎಂಬುದು ಇಲ್ಲಿದೆ.

ಮೊದಲ ಕೆಲಸ ನೆಲದ ಬೆಲೆ. ಜಗಳವೆಲ್ಲ ಇಲ್ಲೇ. ಈಗಿನ ಬಳಕೆಯಲ್ಲಿ ಆ ಜಾಗ ಎಷ್ಟು ಬಾಳುತ್ತದೋ ಆ ಬೆಲೆ, ಅದರ ಮೇಲೆ ಮಾರುವವನು ಒಪ್ಪುವಷ್ಟು ಹೆಚ್ಚುವರಿ. ಇವೆರಡೂ ಸೇರಿ ಬೆಂಚ್‌ಮಾರ್ಕ್. ಡೆವಲಪರ್ ಜಾಗಕ್ಕೆ ಎಷ್ಟು ಕೊಟ್ಟ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಕೊಂಡ ಬೆಲೆಯನ್ನು ತೋರಿಸಿ ನೀತಿಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು 2018ರ ನಂತರದ ಸರ್ಕಾರಿ ಮಾರ್ಗದರ್ಶಿ ಸ್ಪಷ್ಟವಾಗಿ ಹೇಳುತ್ತದೆ. ಲಂಡನ್ನಿನ ಇಸ್ಲಿಂಗ್ಟನ್‌ನ ಪಾರ್ಕ್‌ಹರ್ಸ್ಟ್ ರೋಡ್ ಪ್ರಕರಣ ಇದಕ್ಕೆ ಉದಾಹರಣೆ. ಜಾಗಕ್ಕೆ 132.5 ಲಕ್ಷ ಪೌಂಡ್ ತೆತ್ತಿದ್ದ ಡೆವಲಪರ್‌ನ ಮೇಲ್ಮನವಿಯನ್ನು ಸರ್ಕಾರದ ಪ್ಲಾನಿಂಗ್ ಇನ್‌ಸ್ಪೆಕ್ಟರ್ ತಳ್ಳಿಹಾಕಿದರು, 2018ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ದುಬಾರಿಗೆ ಕೊಂಡು, ಆ ಭಾರವನ್ನು ಬಡವರ ಮನೆಯ ಮೇಲೆ ಹೇರುವುದು ಹಳೆಯ ಚಾಳಿ.

ಎರಡನೆಯದು ಉಳಿಕೆ ಲೆಕ್ಕ: ಆದಾಯದಿಂದ ಖರ್ಚು, ಲಾಭ ಕಳೆದು ನೆಲಕ್ಕೆ ಉಳಿಯುವುದೆಷ್ಟು ಎಂಬುದು. ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ತಲಾ 70 ಚದರ ಮೀಟರಿನ 100 ಮನೆ, ನೀತಿ 35 ಅಗ್ಗದ ಮನೆ ಕೇಳುತ್ತದೆ. ಮಾರುಕಟ್ಟೆಯ ಮನೆಗೆ ಚದರ ಮೀಟರಿಗೆ 6,000 ಪೌಂಡ್, ಅಗ್ಗದ ಮನೆಗೆ ಹೌಸಿಂಗ್ ಅಸೋಸಿಯೇಷನ್ (ಅವನ್ನು ಕೊಂಡು ನಡೆಸುವ ಲಾಭರಹಿತ ಸಂಸ್ಥೆ) ಕೊಡುವುದು 3,000. ಮಾರುಕಟ್ಟೆಯ 65 ಮನೆಗಳಿಂದ 273 ಲಕ್ಷ, ಉಳಿದ 35ರಿಂದ 73.5 ಲಕ್ಷ, ಒಟ್ಟು ಆದಾಯ 346.5 ಲಕ್ಷ ಪೌಂಡ್.

ಖರ್ಚಿಗೆ ಬನ್ನಿ. ಮೆಟ್ಟಿಲು, ಕಾರಿಡಾರ್ ಸೇರಿದರೆ ಕಟ್ಟುವ ವಿಸ್ತೀರ್ಣ 8,000 ಚದರ ಮೀಟರ್. 2,500 ಪೌಂಡಿನಂತೆ 200 ಲಕ್ಷ. ವಾಸ್ತುಶಿಲ್ಪಿ, ಎಂಜಿನಿಯರ್ ಶುಲ್ಕ 10% ಅಂದರೆ 20 ಲಕ್ಷ. ಅನಿರೀಕ್ಷಿತ ಖರ್ಚಿಗೆ 5%, 10 ಲಕ್ಷ. ಮಾರಾಟದ ಖರ್ಚು 8.2, ಇತರ ಲೆವಿಗಳು 10, ಸಾಲದ ಬಡ್ಡಿ 15. ಒಟ್ಟು 263.2 ಲಕ್ಷ. ಲಾಭವಾಗಿ ಮಾರುಕಟ್ಟೆ ಮನೆಗಳ ಆದಾಯದ ಮೇಲೆ 17.5%, ಅಗ್ಗದವುಗಳ ಮೇಲೆ 6%, ಸೇರಿ 52.2 ಲಕ್ಷ. ಎಲ್ಲ ಕಳೆದರೆ ನೆಲಕ್ಕೆ ಉಳಿಯುವುದು 31.1 ಲಕ್ಷ.

ಈಗಿನ ಬಳಕೆಯ ಬೆಲೆ 30 ಲಕ್ಷ, ಹೆಚ್ಚುವರಿ 20% ಎಂದರೆ ಬೆಂಚ್‌ಮಾರ್ಕ್ 36 ಲಕ್ಷ. ಕೊರತೆ 4.9 ಲಕ್ಷ. ಒಂದು ಅಗ್ಗದ ಮನೆಯನ್ನು ಮಾರುಕಟ್ಟೆಗೆ ಬದಲಿಸಿದರೆ, ಲಾಭ ಮತ್ತು ಮಾರಾಟದ ಖರ್ಚು ಕಳೆದು, ಹೆಚ್ಚಾಗಿ ಕೈಗೆ ಬರುವುದು ಸುಮಾರು 1.37 ಲಕ್ಷ. ಹಾಗಾಗಿ ಕೇಳಬಹುದಾದ ಕಡಿತ 4 ಮನೆ. 35 ಹೋಗಿ 31.

ಇದೇ ಲೆಕ್ಕದಲ್ಲಿ ಬೆಂಚ್‌ಮಾರ್ಕಿನ ಬದಲು 50 ಲಕ್ಷದ ಕೊಂಡ ಬೆಲೆ ಹಾಕಿ ನೋಡಿ: ಕಡಿತ 14 ಮನೆಗೆ ಏರುತ್ತದೆ! ನೆಲವನ್ನು ಬಿಟ್ಟು ಲಾಭವನ್ನು ಮಾತ್ರ 20% ಮಾಡಿದರೆ 10. ಕೌನ್ಸಿಲ್ ತನ್ನ ಸ್ಥಳೀಯ ಪ್ಲಾನ್ ರೂಪಿಸುವಾಗ 15ರಿಂದ 20% ಲಾಭವನ್ನು ಸೂಕ್ತವೆಂದು ಹಿಡಿಯಬಹುದು ಎಂದು ಸರ್ಕಾರಿ ಮಾರ್ಗದರ್ಶಿ ಹೇಳುವುದರಿಂದ ಎಲ್ಲರೂ 20ನ್ನೇ ಹಿಡಿದು ಬರುತ್ತಾರೆ. ಆದರೆ ಈ ಯೋಜನೆಯ ಅಪಾಯ ಅಷ್ಟಿದೆ ಎಂದು ತೋರಿಸಬೇಕು. ಇನ್ನೊಂದು ಮಗ್ಗುಲೂ ಇದೆ. ಮಾರುಕಟ್ಟೆ ಬೆಲೆ ಬರೀ 5% ಏರಿದರೆ ಕೊರತೆಯೇ ಮಾಯ. ಆದ್ದರಿಂದಲೇ ಬೆಲೆ, ಖರ್ಚು ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂದು ತೋರಿಸುವ ಸೂಕ್ಷ್ಮತಾ ಕೋಷ್ಟಕವಿಲ್ಲದ ವರದಿಯನ್ನು ನಂಬಬೇಡಿ.

ಕೌನ್ಸಿಲಿನ ಪರಿಶೀಲಕರು ಮೊದಲು ಹುಡುಕುವುದು ಇವನ್ನು: ಹೊಸ ಫ್ಲ್ಯಾಟಿಗೆ ಹಳೆಯ ಮನೆಗಳ ಮಾರಾಟ ದರ, ಮೊದಲ ದಿನದಿಂದಲೇ ಪೂರ್ತಿ ಖರ್ಚಿಗೆ ಬಡ್ಡಿ, ನಿರ್ಮಾಣ ದರದೊಳಗೇ ಇರುವ ಬಾಬ್ತನ್ನು ಬೇರೆಯಾಗಿ ಮತ್ತೊಮ್ಮೆ ಸೇರಿಸಿರುವುದು. ಪರಿಶೀಲನೆಯ ಖರ್ಚು ಸಾಮಾನ್ಯವಾಗಿ ಡೆವಲಪರ್‌ನದೇ. ಕೆಲವು ಅಪವಾದಗಳನ್ನು ಬಿಟ್ಟರೆ ವರದಿ ಸಾರ್ವಜನಿಕವಾಗುತ್ತದೆ, ಗುಟ್ಟೆನ್ನುವ ವಾದ ನಿಲ್ಲುವುದು ಕಷ್ಟ.

ಸಂಖ್ಯೆ ಇಳಿಸುವ ಮುನ್ನ ಬೇರೆ ದಾರಿ ತೀರಿದೆಯೇ ನೋಡಿ. ಸೋಶಿಯಲ್ ರೆಂಟ್ (ಅತಿ ಕಡಿಮೆ ಬಾಡಿಗೆಯ) ಮನೆಗಳಲ್ಲಿ ಕೆಲವನ್ನು ಶೇರ್ಡ್ ಓನರ್‌ಶಿಪ್‌ಗೆ (ಒಂದು ಪಾಲು ಕೊಂಡು ಉಳಿದದ್ದಕ್ಕೆ ಬಾಡಿಗೆ ಕಟ್ಟುವ ವ್ಯವಸ್ಥೆಗೆ) ಬದಲಿಸಿದರೆ ಅಸೋಸಿಯೇಷನ್ ಕೊಡುವ ಬೆಲೆ ಏರುತ್ತದೆ. ಬಾಡಿಗೆಗೆ ಕಾಯುವ ಕುಟುಂಬಕ್ಕೆ ಮಾತ್ರ ಅದೂ ಕಡಿತವೇ.

ಒಪ್ಪಂದ ಆಗಲೇ ಸಹಿಯಾಗಿದ್ದರೆ? 2013ರ ಗ್ರೋತ್ ಅಂಡ್ ಇನ್‌ಫ್ರಾಸ್ಟ್ರಕ್ಚರ್ ಕಾಯ್ದೆ, ಅಗ್ಗದ ಮನೆಯ ಷರತ್ತಷ್ಟನ್ನೇ ವಯಬಿಲಿಟಿ ಕಾರಣಕ್ಕೆ ಸಡಿಲಿಸಲು ವಿಶೇಷ ದಾರಿ ತೆರೆದಿತ್ತು. ಅದು 2016ರ ಏಪ್ರಿಲ್ ಕೊನೆಗೆ ಮುಚ್ಚಿತು. ಈಗಿರುವುದು ಸೆಕ್ಷನ್ 106ಎ. ಕೌನ್ಸಿಲ್ ಒಪ್ಪಿದರೆ ಯಾವಾಗ ಬೇಕಾದರೂ ತಿದ್ದಬಹುದು. ಒಪ್ಪದಿದ್ದರೆ ಸಾಮಾನ್ಯವಾಗಿ 5 ವರ್ಷ ಕಾದು ಅರ್ಜಿ ಹಾಕಬೇಕು, ಆಗಲೂ ಪ್ರಶ್ನೆ ಲಾಭದ್ದಲ್ಲ, ಷರತ್ತು ಇನ್ನೂ ಉಪಯುಕ್ತ ಉದ್ದೇಶಕ್ಕೆ ಬರುತ್ತಿದೆಯೇ ಎಂಬುದು. ಮನೆಗೆ ಕಾಯುವವರಿರುವ ಊರಲ್ಲಿ 'ಬರುತ್ತಿಲ್ಲ' ಎನ್ನುವುದು ಸುಲಭವಲ್ಲ. ಹಾಗಾಗಿ ಒಪ್ಪಿಸುವುದೇ ನಿಜವಾದ ದಾರಿ.

ಒಪ್ಪಿಗೆಯ ಜೊತೆ ಮರುಪರಿಶೀಲನೆಯ ಷರತ್ತನ್ನೂ ನಿರೀಕ್ಷಿಸಿ. ಲಂಡನ್ನಿನಲ್ಲಿ ಸಾಮಾನ್ಯ ಜಾಗದಲ್ಲಿ 35% ಮತ್ತು ಇತರ ಷರತ್ತು ಪೂರೈಸಿದವರಿಗೆ ವರದಿಯಿಲ್ಲದ ತ್ವರಿತ ದಾರಿಯಿದೆ. ಅದಕ್ಕಿಂತ ಕಡಿಮೆ ಕೊಡುವವರು ಸಾಮಾನ್ಯವಾಗಿ 75% ಮನೆ ಮಾರಾಟವಾದಾಗ ಮತ್ತೆ ಲೆಕ್ಕ ತೋರಿಸಬೇಕಾಗುತ್ತದೆ. ತಿದ್ದುಪಡಿ ಪತ್ರಕ್ಕೆ ಜಾಗದ ಎಲ್ಲ ಮಾಲೀಕರ ಸಹಿಯ ಜೊತೆಗೆ, ಸಾಲ ಕೊಟ್ಟ ಬ್ಯಾಂಕಿನ ಸಹಿಯನ್ನೂ ಕೇಳುತ್ತಾರೆ. ಬ್ಯಾಂಕಿಗೆ ಕೊನೆಯ ವಾರದಲ್ಲಿ ಕರಡು ಕಳಿಸಿದರೆ ಕೆಲಸ ತಿಂಗಳುಗಟ್ಟಲೆ ಜಗ್ಗುತ್ತದೆ. ಮೊದಲ ಕರಡೇ ಅವರ ಮೇಜಿಗೆ ಹೋಗಲಿ.